ಮೂರನೇ ಪಿನ್ನು

ಬೀದಿಯವರೆಲ್ಲ ಅವನನ್ನು ಟೆಸ್ಟರ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಎಲೆಕ್ಟ್ರಿಷಿಯನ್ ಆದವನ ಜೇಬಿನಲ್ಲಿ ಟೆಸ್ಟರ್ ಇರುವುದು ದೊಡ್ಡ ಮಾತಲ್ಲ. ಆದರೆ ಇವನು ರಜೆಯ ದಿನ ಮಡಿಕೆ ಮುರಿಯದ ಶರ್ಟು ತೊಟ್ಟು ಹೊರಟಾಗಲೂ ಅದು ಪೆನ್ನಿನ ಜಾಗದಲ್ಲಿ ಕೂತಿರುತ್ತಿತ್ತು. ನೆಂಟರ ಮನೆಗೆ ಹೋದರೆ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಪ್ಲಗ್ಗಿಗೆ ಅದನ್ನು ತೂರಿಸಿ, ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿದ್ದನ್ನು ನೋಡಿ, "ಹ್ಞಾಂ, ಸರಿಯಿದೆ" ಎಂದು ಯಾರೂ ಕೇಳದ ತೀರ್ಪು ಕೊಟ್ಟೇ ಕೂರುವ ಆಸಾಮಿ.

ಇಂಥವನ ಹತ್ತು ವರ್ಷದ ಮಗಳು ಕೇಳಿದ್ದು ಎಲೆಕ್ಟ್ರಿಕ್ ಗಿಟಾರು. ಕೊಳಲು ಕೇಳಬಹುದಿತ್ತು, ಪಿಟೀಲು ಕೇಳಬಹುದಿತ್ತು, ಪ್ಲಗ್ಗು ಗಿಗ್ಗು ಏನೂ ಬೇಡದ ಮಾಮೂಲಿ ಮರದ ಗಿಟಾರನ್ನಾದರೂ ಕೇಳಬಹುದಿತ್ತು. ಊಹೂಂ. ಶಾಲೆಯ ವಾದ್ಯತಂಡಕ್ಕೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರೊಬ್ಬರು ಬೇಕಾಗಿತ್ತು. ಶಾಲೆಯದೇ ಹಳೆಯ ಗಿಟಾರಿನ ಮೇಲೆ ಊಟದ ಬಿಡುವಿನಲ್ಲೆಲ್ಲ ಬೆರಳು ಸವೆಸಿದ್ದ ಇವಳನ್ನು ಸಂಗೀತದ ಟೀಚರು ಆರಿಸಿದ್ದರು. ಮನೆಯಲ್ಲಿ ಅಭ್ಯಾಸಕ್ಕೆ ಸ್ವಂತದ್ದೊಂದು ಇರಲೇಬೇಕು ಎಂಬುದು ಅವರ ಷರತ್ತು. ಸೋಮವಾರದೊಳಗೆ ಇಲ್ಲವಾದರೆ ಆ ಜಾಗ ಪಕ್ಕದ ಕ್ಲಾಸಿನ ಹುಡುಗಿಗೆ. ಅವಳ ಮನೆಯಲ್ಲಿ ಆಗಲೇ ಎರಡಿದ್ದವಂತೆ.

ಟೆಸ್ಟರ್ ಜಿಪುಣನಲ್ಲ. ಅವನಿಗಿದ್ದದ್ದು ಭಯ. ಎಲೆಕ್ಟ್ರಿಕ್ ಗಿಟಾರನ್ನು ವೈರಿನಿಂದ ಆಂಪ್ಲಿಫೈಯರಿಗೆ, ಅಂದರೆ ಸದ್ದು ದೊಡ್ಡದು ಮಾಡುವ ಡಬ್ಬಕ್ಕೆ, ಸೇರಿಸಬೇಕು, ಡಬ್ಬವನ್ನು ಗೋಡೆಗೆ. ಹಾಗಾಗಿ ಬೆರಳು ಮುಟ್ಟುವ ಆರೂ ತಂತಿಗಳು ಕೊನೆಗೆ ಹೋಗಿ ಸೇರುವುದು ಪ್ಲಗ್ಗಿನ ಮೂರನೇ ಪಿನ್ನಿಗೆ, ಅಲ್ಲಿಂದ ಅರ್ಥಿಂಗಿಗೆ. ಎಲ್ಲಾದರೂ ಕರೆಂಟ್ ಸೋರಿದರೆ ಅದನ್ನು ಸುಮ್ಮನೆ ನೆಲಕ್ಕಿಳಿಸಿಬಿಡುವ ದಾರಿ ಅದು. ಆ ದಾರಿ ಕಡಿದಿದ್ದರೆ ಸೋರಿದ ಕರೆಂಟ್ ತಂತಿಯ ಮೇಲೆಯೇ ಕೂತು ಕಾಯುತ್ತದೆ, ಯಾರಾದರೂ ಮುಟ್ಟಲಿ ಎಂದು. ಒದ್ದೆ ಪಂಪಿನ ಮೇಲೆ ಕೈಯಿಟ್ಟ ಜೊತೆಗಾರನೊಬ್ಬ ಅರ್ಧ ಮಾತಿನಲ್ಲೇ ಕುಸಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮಗಳು "ಗಿಟಾರು" ಎಂದಾಗಲೆಲ್ಲ ಅವನ ಕಣ್ಣಿಗೆ ಕಟ್ಟುತ್ತಿದ್ದದ್ದು ಆ ಪಂಪು.

ಆದರೂ ಹೊರಟ. ಮೊದಲ ಅಂಗಡಿಯಲ್ಲಿ ಗಿಟಾರು, ಡಬ್ಬ, ಪಟ್ಟಿ, ಚೀಲ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಕೈಗೆಟುಕುವ ಬೆಲೆಗೆ ಇದ್ದವು. ಅವನು ಗಿಟಾರಿನ ಕತ್ತನ್ನು ಒಂದು ಕಣ್ಣು ಮುಚ್ಚಿ ಪೈಪು ನೋಡುವಂತೆ ನೋಡಿ, "ಡೊಂಕು" ಎಂದ. ಎರಡನೆಯ ಅಂಗಡಿಯಲ್ಲಿ ತಂತಿ ಬಿಗಿಯುವ ಕೀಲಿಗಳು ತಿರುವಿದಷ್ಟೂ ಜಾರುತ್ತಿದ್ದವು. ಮೂರನೆಯ ಕಡೆ ಗಿಟಾರೇನೋ ಚೆನ್ನಾಗಿತ್ತು, ಡಬ್ಬದ ಪ್ಲಗ್ಗಿಗೆ ಮಾತ್ರ ಎರಡೇ ಪಿನ್ನು.

"ಅರ್ಥಿಂಗ್ ಪಿನ್ನೇ ಇಲ್ಲದ್ದನ್ನ ಮಕ್ಕಳ ಕೈಗೆ ಕೊಡ್ತೀರಲ್ರೀ, ನಿಮಗೇನು ಮಕ್ಕಳು ಮರಿ ಇಲ್ವಾ?" ಎಂದು ಅಂಗಡಿಯವನ ಮೇಲೆ ಹರಿಹಾಯ್ದ.

"ಸಾರ್, ನೀವು ಗಿಟಾರ್ ಕೊಳ್ಳೋಕೆ ಬಂದಿದೀರೋ, ಅಂಗಡಿ ಮುಚ್ಚಿಸೋಕೆ ಬಂದಿದೀರೋ?" ಎಂದ ಅವನು.

ಹೊರಗೆ ಬಂದ ಮೇಲೆ ಮಗಳು ಬೈಕು ಹತ್ತಲಿಲ್ಲ. ಮುಖ ಊದಿಸಿಕೊಂಡು ನಿಂತಳು.

"ಅಪ್ಪ, ಕೊಡಿಸೋಕೆ ಮನಸ್ಸಿಲ್ಲ ಅಂತ ಹೇಳಿಬಿಡು. ಪಾಪ ಗಿಟಾರ್ ಮೇಲೆ ಯಾಕೆ ತಪ್ಪು ಹೊರಿಸ್ತೀಯಾ?"

ಮಾತು ನೆಟ್ಟಗೆ ಹೋಗಿ ನಾಟಿತು. ಅವನು ಬೈಕು ಸ್ಟಾರ್ಟ್ ಮಾಡಿ ಅವಳು ಹತ್ತುವವರೆಗೆ ಕಾದ.

ಭಾನುವಾರ ಅಂಗಡಿಗಳಿಗೆ ರಜೆ, ಉಳಿದದ್ದು ಶನಿವಾರ ಒಂದೇ. ಅಂದು ಬೆಳಿಗ್ಗೆ ಹೆಂಡತಿ ಹಜಾರದ ಮೇಜಿನ ಮುಂದೆ ನಿಂತು ಶಾಲಾ ಸಮವಸ್ತ್ರಗಳ ಲಂಗಕ್ಕೆ ನೆರಿಗೆ ಕೂರಿಸುತ್ತಿದ್ದಳು. ಹೊಲಿಗೆ ಅವಳ ಕೆಲಸ. ಹೊಲಿದದ್ದನ್ನು ಇಸ್ತ್ರಿ ಮಾಡಿ ಸಂಜೆಯೊಳಗೆ ಅಂಗಡಿಗೆ ಮುಟ್ಟಿಸಬೇಕಿತ್ತು. ಅವಳ ಇಸ್ತ್ರಿಪೆಟ್ಟಿಗೆ ಹಳೆಯ ಕಾಲದ್ದು, ಮೈಯೆಲ್ಲ ಕಬ್ಬಿಣ, ಎತ್ತಿದರೆ ತೋಳು ಜಗ್ಗುವಂಥದ್ದು.

"ರೀ, ಇವತ್ತೂ ಕೈ ಜುಮ್ ಅಂತಿದೆ," ಎಂದಳು. "ಮಧ್ಯೆ ನೀರು ತಗೊಳ್ಳೋಕೆ ಫ್ರಿಜ್ ಬಾಗಿಲು ಮುಟ್ಟಿದ್ರೆ ಅಲ್ಲೂ ಜುಮ್."

ಇದು ಅವಳ ಹಳೆಯ ರಾಗ. ಅವನು ಒಮ್ಮೆ ಫ್ರಿಜ್ಜನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಮುಟ್ಟಿ ನೋಡಿದ್ದ. ವರ್ಷಾನುಗಟ್ಟಲೆ ವೈರು ಎಳೆದೆಳೆದು ಅವನ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಅದಕ್ಕೆ ಎಳ್ಳಷ್ಟೂ ಏನೂ ಗೊತ್ತಾಗಿರಲಿಲ್ಲ.

"ಸ್ವಲ್ಪ ಬುದ್ಧಿ ಓಡಿಸು ಕಣೇ," ಎಂದ. "ಫ್ರಿಜ್ಜೇ ಬೇರೆ, ಇಸ್ತ್ರಿಪೆಟ್ಟಿಗೆಯೇ ಬೇರೆ. ಎರಡೂ ಒಟ್ಟಿಗೆ ಕೆಡುತ್ವಾ? ಎರಡನ್ನೂ ಮುಟ್ಟೋದು ಯಾವುದು? ನಿನ್ನ ಕೈ. ನರದ ವೀಕ್ನೆಸ್ಸು. ವಿಟಮಿನ್ ಮಾತ್ರೆ ತಪ್ಪಿಸಬೇಡ."

"ಮಾತ್ರೆ ತಿಂದೂ ತಿಂದೂ ಅಂಗಡಿಯವನು ಉದ್ಧಾರ ಆದ, ನಾನಲ್ಲ. ಬರೋವಾಗ ಒಂದು ಜೊತೆ ರಬ್ಬರ್ ಚಪ್ಪಲಿ ತನ್ನಿ. ಮನೇಲಿ ಹಾಕ್ಕೊಳ್ಳೋದರ ಪಟ್ಟಿ ಕಿತ್ತುಹೋಗಿದೆ, ಬರಿಗಾಲಲ್ಲಿ ನಿಲ್ಲೋಕಾಗಲ್ಲ."

ಅವನು ಆಗಲಿ ಎಂದು ತಲೆಯಾಡಿಸಿದ. ಒಂದು ಕಿವಿಯಲ್ಲಿ ಕೇಳಿದ್ದು ಇನ್ನೊಂದು ಕಿವಿಯಲ್ಲಿ ಆಗಲೇ ಹೊರಟಿತ್ತು.

ಮುಖ್ಯರಸ್ತೆಯ ಡ್ರೈಕ್ಲೀನಿಂಗ್ ಅಂಗಡಿಯ ಒಡತಿ ಒಂದು ಕಾಲದಲ್ಲಿ ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವಳು. ಮಣಿಕಟ್ಟು ನೋಯತೊಡಗಿದ ಮೇಲೆ ಬಿಟ್ಟಿದ್ದಳು. ತನ್ನ ಗಿಟಾರನ್ನು ಯಾರಾದರೂ ಕಲಿಯುವ ಮಗುವಿಗೇ ಕೊಡಬೇಕೆಂದಿದ್ದಾಳೆ ಎಂದು ಸಂಗೀತದ ಟೀಚರೇ ಸುಳಿವು ಕೊಟ್ಟಿದ್ದರು. ಬಟ್ಟೆ ಇಸ್ತ್ರಿ ಮಾಡುವ ಹಬೆಯ ಒತ್ತುಯಂತ್ರದ ಹಿಂದೆ, ನೇತುಬಿದ್ದ ಕೋಟುಗಳನ್ನು ಸರಿಸಿ, ಅವಳು ಅದನ್ನು ಹೊರತೆಗೆದಳು. ಕಪ್ಪು ಬಣ್ಣ, ಮೊಣಕೈ ಒರಗುವ ಕಡೆ ಸವೆದು ಮರ ಕಾಣುತ್ತಿತ್ತು. ಮೈ ಚಿಕ್ಕದು. ಮಗಳು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡದ್ದೇ ತಡ, ಅದು ಅವಳ ಅಳತೆಗೇ ಹೊಲಿದ ಅಂಗಿಯಂತೆ ಕೂತಿತು.

ಟೆಸ್ಟರ್ ಕೆಲಸಕ್ಕಿಳಿದ. ಕತ್ತು ನೋಡಿದ, ನೆಟ್ಟಗಿತ್ತು. ಕೀಲಿ ತಿರುವಿದ, ಜಾರಲಿಲ್ಲ. ಪ್ಲಗ್ಗಿನಲ್ಲಿ ಮೂರೂ ಪಿನ್ನು ಲಕ್ಷಣವಾಗಿದ್ದವು. ಡಬ್ಬದ ಹಿಂಬದಿ ಬಿಚ್ಚಲೇ ಎಂದು ಕೇಳಿದ.

"ಬಿಚ್ಚಿ. ನನ್ನ ಹಳೇ ಕಥೆಯೊಂದನ್ನ ಬಿಚ್ಚಬೇಡಿ, ಅದರಲ್ಲಿ ನೂರು ಗಂಟು ಇದಾವೆ," ಎಂದಳು ಒಡತಿ.

ಒಳಗೂ ಅಚ್ಚುಕಟ್ಟು. ಅರ್ಥಿಂಗ್ ವೈರು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಮತ್ತೆ ಮುಚ್ಚಿ, ಅಂಗಡಿಯ ಪ್ಲಗ್ಗಿಗೆ ಹಾಕಿ, ತಂತಿಯ ಮೇಲೆ ಟೆಸ್ಟರ್ ಇಟ್ಟ. ದೀಪ ಹೊತ್ತಲಿಲ್ಲ. ಹೇಳಲು ತಪ್ಪೇ ಇಲ್ಲದೆ ಅವನಿಗೆ ಕೈ ಕಟ್ಟಿದಂತಾಯಿತು.

"ಯೋಚನೆ ಮಾಡಿ ಹೇಳ್ತೀನಿ," ಎಂದ.

ಮಗಳು ಜಗಳವಾಡಲಿಲ್ಲ. ಪಟ್ಟಿಯನ್ನು ಹೆಗಲಿನಿಂದ ತೆಗೆಯುತ್ತ ಮುಖ ಆಚೆ ತಿರುಗಿಸಿಕೊಂಡಳು. ಅವಳ ಕತ್ತಿನ ಹಿಂಭಾಗ ಕೆಂಪಾದದ್ದು ಅಪ್ಪನಿಗೆ ಕಂಡಿತು.

"ತಪ್ಪು ಸಿಗಲಿಲ್ಲ ಅನ್ನೋದೇ ಒಂದು ತಪ್ಪಾ ಸಾರ್?" ಎಂದಳು ಒಡತಿ.

ಅವನು ತಲೆ ಕೆರೆದುಕೊಂಡ. ಆಮೇಲೆ ಜೇಬಿಗೆ ಕೈ ಹಾಕಿದ. ಮಗಳು ಅಂಗಡಿಯಲ್ಲೇ ಕುಣಿದಾಡಿದಳು. ಆ ಸಂಭ್ರಮದಲ್ಲಿ ಚಪ್ಪಲಿ ಯಾರಿಗೆ ನೆನಪಾಗಬೇಕು?

ಮನೆಗೆ ಬಂದವಳೇ ಕೋಣೆಗೆ ಓಡಿದಳು. ಹಜಾರದಲ್ಲಿ ಅಮ್ಮನ ಇಸ್ತ್ರಿ ಇನ್ನೂ ನಡೆದಿತ್ತು. ಅಪ್ಪ ಡಬ್ಬವನ್ನು ಕಿಟಕಿಯ ಪಕ್ಕದ ಪ್ಲಗ್ಗಿಗೆ ಹಾಕಿ ಸ್ವಿಚ್ಚು ಒತ್ತಿದ. ಅಂಗಡಿಯಲ್ಲಿ ಸುಮ್ಮನಿದ್ದ ಡಬ್ಬ ಇಲ್ಲಿ ಗುಂಯ್ ಎಂದು ಗೊಣಗತೊಡಗಿತು. ಹೊಸ ಜಾಗ, ಏನೋ ಇರಬೇಕು ಎಂದುಕೊಂಡ. ಮಗಳು ಬರಿಗಾಲಲ್ಲಿ ನಿಂತು ಎಡಗೈಯಿಂದ ತಂತಿಗಳನ್ನು ಅದುಮಿದಳು. ಎದುರು ಮನೆಯ ಗೆಳತಿಗೆ ಕಾಣಲೆಂದು ಪರದೆ ಸರಿಸಲು ಬಲಗೈ ಚಾಚಿದಳು. ಆ ಕೈ ಕಿಟಕಿಯ ಕಬ್ಬಿಣದ ಸರಳಿಗೆ ತಾಗಿತು.

ಕಿರುಚಿದ್ದು ಅವಳೋ ಡಬ್ಬವೋ ತಿಳಿಯಲಿಲ್ಲ. ಹಿಂದಕ್ಕೆ ಹಾರಿ ಮಂಚದ ಮೇಲೆ ಬಿದ್ದಳು. ಗಿಟಾರು ಪಟ್ಟಿಯಲ್ಲಿ ಜೋತಾಡುತ್ತಿತ್ತು. ಟೆಸ್ಟರ್ ಪ್ಲಗ್ಗು ಕಿತ್ತೆಸೆದು ಮಗಳನ್ನು ಬಾಚಿ ಹಿಡಿದ. ಉಸಿರಾಡುತ್ತಿದ್ದಳು, ಕಣ್ಣು ಬಿಟ್ಟಿದ್ದಳು, ಬೆರಳು ಮಾತ್ರ ನಡುಗುತ್ತಿದ್ದವು.

"ನಂಗಿದು ಬೇಡಪ್ಪ," ಎಂದು ಬಿಕ್ಕಿದಳು. "ವಾಪಸ್ ಕೊಟ್ಬಿಡು. ನಂಗೆ ಗಿಟಾರೇ ಬೇಡ."

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಮೇಜಿನ ಮೇಲೆ ಹಾಗೇ ಬಿಟ್ಟು ಓಡಿಬಂದಿದ್ದಳು. ಅವನು ಮಗಳನ್ನು ಅವಳ ತೆಕ್ಕೆಗೆ ಕೊಟ್ಟು, ಡಬ್ಬವನ್ನು ಮತ್ತೆ ಪ್ಲಗ್ಗಿಗೆ ಸಿಕ್ಕಿಸಿ ತಂತಿಗೆ ಟೆಸ್ಟರ್ ಹಿಡಿದ. ಕೆಂಪಗೆ ಹೊತ್ತಿತು. ಗೋಡೆಯ ಪ್ಲಗ್ಗನ್ನೂ ನೋಡಿದ. ಕರೆಂಟ್ ಇರಬೇಕಾದ ತೂತಿನಲ್ಲಿ ಕರೆಂಟ್ ಇತ್ತು. ಗೋಡೆ ಸರಿಯಿದೆ. ಅಂದರೆ ಡಬ್ಬ ಸೋರುತ್ತಿದೆ. ಆ ಒಡತಿ ಅಂಗಡಿಯಲ್ಲಿ ಏನೋ ಕೈಚಳಕ ತೋರಿಸಿದ್ದಾಳೆ, ತಾನು ಟೋಪಿ ಹಾಕಿಸಿಕೊಂಡು ಬಂದಿದ್ದೇನೆ. ಹೆದರಿಕೆ ಅರೆಗಳಿಗೆಯಲ್ಲಿ ಸಿಟ್ಟಾಗಿ ನೆತ್ತಿಗೇರಿತು.

"ನಂಗೂ ಹೀಗೇ ಕಣ್ರೀ ಆಗೋದು, ಜುಮ್ ಅಂತ ಕೈ..." ಎಂದು ಹೆಂಡತಿ ಶುರುಮಾಡಿದಳು.

"ನಿನ್ನ ಜುಮ್ಮು ಆಮೇಲೆ! ಮಗು ಸಾಯ್ತಿತ್ತು ಇಲ್ಲಿ!"

ಅವನು ಡಬ್ಬವನ್ನು ಬೈಕಿಗೆ ಬಿಗಿದು ಸ್ಟಾರ್ಟ್ ಮಾಡುವಷ್ಟರಲ್ಲಿ ಮಗಳು ಗಿಟಾರಿನ ಚೀಲ ತಬ್ಬಿಕೊಂಡು ಹಿಂದೆ ಬಂದು ಕೂತಳು. ಬೇಡ ಎಂದವಳು ಅದನ್ನು ಕೈಬಿಟ್ಟಿರಲಿಲ್ಲ. ಹೆಂಡತಿ ಒಳಗೆ ಹೋಗಿ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಸಂಜೆಯೊಳಗೆ ಲಂಗಗಳು ಹೋಗಬೇಕಿತ್ತು.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವನು ನೋಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದ. ಮಗುವಿನ ಜೀವದ ಜೊತೆ ವ್ಯಾಪಾರ ಮಾಡುವವಳು ಎಂದ, ನಾಚಿಕೆಯಾಗಬೇಕು ಎಂದ. ಕೋಟು ತೆಗೆದುಕೊಳ್ಳಲು ಬಂದವನೊಬ್ಬ ಮೆಲ್ಲಗೆ ಹೊರಗೆ ಜಾರಿಕೊಂಡ. ಒಡತಿಯ ಮುಖ ಬಿಳಿಚಿಕೊಂಡಿತು. ಡಬ್ಬವನ್ನು ತೆಗೆದುಕೊಂಡು ತನ್ನ ಪ್ಲಗ್ಗಿಗೆ ಹಾಕಿದಳು, ಗಿಟಾರು ಸೇರಿಸಿದಳು. ಗುಂಯ್ ಎನ್ನುವ ಸದ್ದಿಲ್ಲ. ಒಂದು ಕೈ ತಂತಿಯ ಮೇಲಿಟ್ಟು ಇನ್ನೊಂದರಿಂದ ಒತ್ತುಯಂತ್ರದ ಉಕ್ಕಿನ ಮೈ ಹಿಡಿದುಕೊಂಡಳು.

"ಎಲ್ಲಿ, ನಿಮ್ಮ ಟೆಸ್ಟರ್ ಇಡಿ," ಎಂದಳು.

ಇಟ್ಟ. ಹೊತ್ತಲಿಲ್ಲ. ಒರೆಸಿ ಮತ್ತೆ ಇಟ್ಟ. ಇಲ್ಲ.

"ಹೋಟೆಲುಗಳಲ್ಲಿ ನುಡಿಸೋವಾಗ ಮೈಕಿಗೆ ತುಟಿ ತಾಗಿ ಎಷ್ಟು ಸಲ ಹೊಡೆಸ್ಕೊಂಡಿದೀನೋ," ಎಂದಳು. "ಪ್ರತೀ ಸಲ ನನ್ನ ಗಿಟಾರನ್ನೇ ಬೈತಿದ್ರು, ತಪ್ಪು ಇರ್ತಿದ್ದದ್ದು ಅಲ್ಲಿಯ ಅರ್ಥಿಂಗಲ್ಲಿ. ಸಾರ್, ನಿಮ್ಮ ಮನೇಲಿ ಬೇರೆ ಏನಾದ್ರೂ ಮುಟ್ಟಿದಾಗ ಯಾರಿಗಾದ್ರೂ ಜುಮ್ ಅನ್ನುತ್ತಾ?"

ಉತ್ತರ ಕೊಟ್ಟದ್ದು ಮಗಳು.

"ಅಮ್ಮಂಗೆ ಆಂಟಿ. ದಿನಾ. ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೂ ಅನ್ನುತ್ತೆ, ಫ್ರಿಜ್ ಮುಟ್ಟಿದ್ರೂ ಅನ್ನುತ್ತೆ. ಅಪ್ಪ ಮಾತ್ರೆ ಕೊಡಿಸಿದಾನೆ."

ಟೆಸ್ಟರನಿಗೆ ತಾನು ಬೆಳಿಗ್ಗೆ ಹೆಂಡತಿಗೆ ಹೇಳಿದ್ದು ನೆನಪಾಯಿತು. ಫ್ರಿಜ್ಜೇ ಬೇರೆ, ಇಸ್ತ್ರಿಪೆಟ್ಟಿಗೆಯೇ ಬೇರೆ, ಈ ಡಬ್ಬವಂತೂ ನಿನ್ನೆ ಮೊನ್ನೆಯವರೆಗೆ ಆ ಮನೆಯ ಮುಖ ಕಂಡದ್ದಲ್ಲ. ಮೂರಕ್ಕೂ ಸೇರಿದ್ದು ಅವಳ ಕೈಯಲ್ಲ. ಮೂರೂ ಕೂತಿದ್ದು ಒಂದೇ ಅರ್ಥಿಂಗ್ ವೈರಿನ ಮೇಲೆ. ಆ ವೈರು ನೆಲಕ್ಕೆ ಸೇರಿಲ್ಲದಿದ್ದರೆ ಒಂದು ಸಾಮಾನಿನಿಂದ ಸೋರಿದ ಕರೆಂಟ್ ಮನೆಯ ಎಲ್ಲ ಸಾಮಾನಿನ ಮೈಗೂ ಹತ್ತುತ್ತದೆ. ಸೋರುತ್ತಿರುವುದು ಯಾವುದು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಮೈಯೆಲ್ಲ ಕಬ್ಬಿಣದ ಆ ಹಳೆಯ ಇಸ್ತ್ರಿಪೆಟ್ಟಿಗೆ. ಹೆಂಡತಿ ಈ ಗಳಿಗೆಯಲ್ಲಿ ಅದನ್ನೇ ಹಿಡಿದು ನಿಂತಿದ್ದಾಳೆ. ಕಾಲಲ್ಲಿ ಚಪ್ಪಲಿಯಿಲ್ಲ.

ಫೋನ್ ಮಾಡಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದ. ಎತ್ತಲಿಲ್ಲ.

"ಹೋಗಿ, ಇದು ಇಲ್ಲೇ ಇರಲಿ," ಎಂದು ಒಡತಿ ಡಬ್ಬವನ್ನು ಬದಿಗೆ ಸರಿಸಿ, ಗಿಟಾರನ್ನು ಮಗಳ ಕೈಗೆ ಕೊಟ್ಟಳು.

ಬೈಕು ಆ ರಸ್ತೆಯಲ್ಲಿ ಹಾಗೆ ಎಂದೂ ಓಡಿರಲಿಲ್ಲ. ತಿರುವಿನಲ್ಲಿ ತರಕಾರಿ ಗಾಡಿಯವಳು ಅವನ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದಳು, ಅವನಿಗೆ ಕೇಳಿಸಲಿಲ್ಲ. ಮಗಳು ಒಂದು ಕೈಯಲ್ಲಿ ಗಿಟಾರು, ಒಂದು ಕೈಯಲ್ಲಿ ಅಪ್ಪನ ಶರ್ಟು ಹಿಡಿದು, "ಅಮ್ಮ ಎತ್ತಿದ್ಲಾ? ಎತ್ತಿದ್ಲಾ ಅಪ್ಪ?" ಎಂದು ಕೇಳುತ್ತಲೇ ಇದ್ದಳು. ಅಷ್ಟು ದಿನ ಹೆಂಡತಿ ಹೇಳಿದ್ದಳಲ್ಲ, ಅಷ್ಟು ದಿನವೂ ಬಾಯಿಬಿಟ್ಟು ಹೇಳಿದ್ದಳಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಬಾಗಿಲು ತೆರೆದೇ ಇತ್ತು. ಹಜಾರದ ನೆಲದ ಮೇಲೆ ನೀರು. ಬಟ್ಟೆಗೆ ಚಿಮುಕಿಸುವ ಬೋಗುಣಿ ಕವುಚಿ ಬಿದ್ದಿತ್ತು. ಹೆಂಡತಿ ಮಂಡಿಯೂರಿ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದಳು. ಅವಳ ತಲೆಯ ಮೇಲೆ, ಮೇಜಿನ ಅಂಚಿನಲ್ಲಿ, ಇಸ್ತ್ರಿಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಅವನ ಸದ್ದು ಕೇಳಿ ಏಳಲೆಂದು ಅವಳು ಆಸರೆಗೆ ಕೈಯನ್ನು ಮೇಜಿನ ಕಡೆ ಚಾಚಿದಳು.

"ಮುಟ್ಟಬೇಡ!"

ಹಾಗೆ ಕೂಗಿದ್ದು ಅವನಿಗೇ ಗೊತ್ತಿಲ್ಲ. ಬಾಗಿಲ ಪಕ್ಕದ ಬೋರ್ಡಿಗೆ ಹಾರಿ ಮೇನ್ ಸ್ವಿಚ್ಚು ಕೆಳಗೆಳೆದ. ಫ್ಯಾನು ನಿಧಾನವಾಯಿತು. ದೀಪ ಆರಿತು. ಹೆಂಡತಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅವನನ್ನು ನೋಡಿದಳು.

"ಏನ್ರೀ ಇದು? ಹತ್ತು ಲಂಗ ಬಾಕಿ ಇದೆ, ಈಗ ಯಾಕೆ ಕರೆಂಟ್ ತೆಗೆದ್ರಿ?"

ಮಗಳು ಹೋಗಿ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಫೋನು ಅಡುಗೆಮನೆಯಲ್ಲಿತ್ತು, ನಲ್ಲಿಯ ಸದ್ದಿಗೆ ಕೇಳಿಸಲಿಲ್ಲವಂತೆ.

ಆಮೇಲೆ ಅವನು ಹುಡುಕಿದ. ಅವರಿಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿ, ತಾನು ಬೂಟು ಹಾಕಿಕೊಂಡು, ಮೇನ್ ಹಾಕಿ, ಕೋಣೆಯ ಪ್ಲಗ್ಗಿನ ಮೇಲ್ಗಡೆಯ ದೊಡ್ಡ ತೂತಿಗೆ, ಮೂರನೆಯದಕ್ಕೆ, ಟೆಸ್ಟರ್ ಇಟ್ಟ. ಇಷ್ಟು ವರ್ಷದಲ್ಲಿ ತನ್ನ ಮನೆಯಲ್ಲಿ ಒಮ್ಮೆಯೂ ಅಲ್ಲಿಟ್ಟು ನೋಡಿರಲಿಲ್ಲ. ಎಂದೂ ಹೊತ್ತಬಾರದ ಆ ಜಾಗದಲ್ಲಿ ದೀಪ ಕೆಂಪಗೆ ಹೊತ್ತಿತು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತ. ಆರಿತು.

ಮತ್ತೆ ಮೇನ್ ತೆಗೆದು ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ ಒಳಗೆ ಸುಟ್ಟ ವೈರೊಂದು ಕಬ್ಬಿಣಕ್ಕೆ ಒರಗಿಕೊಂಡಿತ್ತು. ಬೋರ್ಡು ಬಿಚ್ಚಿದರೆ ಅರ್ಥಿಂಗಿನ ಹಸಿರು ವೈರು, ತುದಿಗೆ ಕಪ್ಪು ಟೇಪು ಸುತ್ತಿಸಿಕೊಂಡು, ಯಾವುದಕ್ಕೂ ಸೇರದೆ ಮೂಲೆಯಲ್ಲಿ ಮಲಗಿತ್ತು. ಟೇಪು ಸುತ್ತಿದ ಕೈ ಅವನದೇ. ಅಡುಗೆಮನೆಯ ನೆಲ ಹೊಸದು ಮಾಡಿಸಿದಾಗ ವೈರು ಗಿಡ್ಡವಾಗಿತ್ತು, ಉದ್ದದ್ದು ತಂದು ಭಾನುವಾರ ಜೋಡಿಸಿದರಾಯಿತು ಎಂದು ಬಿಚ್ಚಿಟ್ಟಿದ್ದ. ಊರಿನವರ ಮನೆಗಳಿಂದ ಫೋನುಗಳು ಬರುತ್ತಲೇ ಇದ್ದವು. ಆ ಭಾನುವಾರ ಬಂದಿರಲಿಲ್ಲ.

ಹೆಂಡತಿ ಬಂದು ಹಿಂದೆ ನಿಂತದ್ದು ಅವನಿಗೆ ಗೊತ್ತಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ನಿನ್ನ ಕೈದೇನೂ ತಪ್ಪಿಲ್ಲ ಕಣೇ," ಎಂದ. "ನಾನೇ. ಇದನ್ನ ಬಿಚ್ಚಿಟ್ಟು ಮರೆತೆ. ನೀನು ಹೇಳಿದಾಗಲೂ ಕೇಳಲಿಲ್ಲ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಒಳಗೆ ಹೋಗಿ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ತಂದು, ಅವನ ಶರ್ಟಿನ ಜೇಬಿನಲ್ಲಿ ಟೆಸ್ಟರಿನ ಜಾಗದಲ್ಲಿ ಸಿಕ್ಕಿಸಿದಳು.

"ಇನ್ನು ನೀವು ತಗೊಳ್ಳಿ. ಕಿವಿಗೆ ಒಳ್ಳೇದು," ಎಂದಳು.

ಇಷ್ಟು ಕಾಲ ಬಾಕಿಯಿದ್ದ ಕೆಲಸಕ್ಕೆ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಉದ್ದದ ವೈರು ಜೋಡಿಸಿ, ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಬಿಗಿದ. ಇಸ್ತ್ರಿಪೆಟ್ಟಿಗೆಯ ಸುಟ್ಟ ವೈರನ್ನೂ ಬದಲಿಸಿದ. ಆಮೇಲೆ ಡ್ರೈಕ್ಲೀನಿಂಗ್ ಅಂಗಡಿಗೆ ಹೋಗಿ, ಅಲ್ಲಿದ್ದ ಹೊಸ ಗಿರಾಕಿಗಳ ಎದುರಿಗೇ, ತಾನು ಅಂದದ್ದೆಲ್ಲ ಸುಳ್ಳು, ತಪ್ಪು ತನ್ನ ಮನೆಯ ಗೋಡೆಯದು ಎಂದು ಗಟ್ಟಿಯಾಗಿ ಹೇಳಿದ. ಒಡತಿ ಮುಖ ಬಿಗಿದುಕೊಂಡೇ ಕೇಳಿದಳು. "ನಿಮ್ಮ ಮನೆಯವರು ಹುಷಾರಾಗಿದ್ದಾರಾ?" ಎಂದಷ್ಟೇ ಕೇಳಿ ಡಬ್ಬ ಎತ್ತಿಕೊಟ್ಟಳು. ಬರುವಾಗ ರಬ್ಬರ್ ಚಪ್ಪಲಿ ತಂದ.

ಕೋಣೆಯಲ್ಲಿ ಡಬ್ಬ ಹಚ್ಚಿದಾಗ ಗುಂಯ್ ಸದ್ದು ಇರಲಿಲ್ಲ. ಮೂರನೇ ತೂತು ಕತ್ತಲಾಗಿತ್ತು, ತಂತಿಯ ಮೇಲೂ ಟೆಸ್ಟರ್ ಹೊತ್ತಲಿಲ್ಲ. ಆದರೂ ಮಗಳು ಮಂಚದ ಆ ತುದಿಯಲ್ಲಿ ಕಾಲು ಮಡಚಿ ಕೂತಿದ್ದಳು. ಹತ್ತಿರ ಬರಲೊಲ್ಲಳು.

"ನೋಡು ಪುಟ್ಟ," ಎಂದು ಅವನು ಬೂಟು ಕಳಚಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದು ಕೈಯನ್ನು ತಂತಿಯ ಮೇಲೆ ಪೂರ್ತಿ ಹರವಿದ. "ಏನೂ ಇಲ್ಲ. ಟೆಸ್ಟರೂ ಹೊತ್ತಲ್ಲ. ಬಾ."

"ನಿನ್ನ ಟೆಸ್ಟರ್ ಬೆಳಿಗ್ಗೇನೂ ಜೇಬಲ್ಲೇ ಇತ್ತಲ್ಲ," ಎಂದಳು ಅವಳು. "ನಿನ್ನ ಕೈ ಚಪ್ಪಲಿ ಥರ ಅಪ್ಪ. ಅದಕ್ಕೆ ಏನೂ ಗೊತ್ತಾಗಲ್ಲ. ಅಮ್ಮ ಮುಟ್ಟಿ ಹೇಳಲಿ."

ಅವನು ಹೆಂಡತಿಯ ಕಡೆ ನೋಡಿದ. ಬೇಡ ಎನ್ನಲು ಬಾಯಿ ತೆರೆದ. ಬೇಡ ಎಂದರೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲ ಎಂದಾಗುತ್ತಿತ್ತು. ಹ್ಞೂಂ ಎನ್ನಲು ನಾಲಿಗೆ ಏಳಲಿಲ್ಲ.

ಅವಳು ಹೊಸ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಎಡಗೈಯಿಂದ ಸರಳು ಹಿಡಿದಳು. ಟೆಸ್ಟರ್ ಓಡಿ ಹೋಗಿ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಅವಳು ಬಲಗೈಯನ್ನು ನಿಧಾನವಾಗಿ ಚಾಚಿ, ಬೆರಳ ತುದಿಗಳನ್ನು ಒಂದೊಂದಾಗಿ ತಂತಿಗಳ ಮೇಲಿಟ್ಟು, ಕಣ್ಣು ಮುಚ್ಚಿಕೊಂಡಳು. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವಾಗ ಅವಳು ಹಾಗೆಯೇ ಕಣ್ಣು ಮುಚ್ಚುತ್ತಿದ್ದಳು. ಅವನು ಕಾದ. ಅವಳು ಹೇಳುವ ಮಾತನ್ನು ಅವನು ಇಷ್ಟು ಗಮನವಿಟ್ಟು ಎಂದೂ ಕೇಳಿಸಿಕೊಂಡಿರಲಿಲ್ಲ.

"ಇಲ್ಲ," ಎಂದಳು. "ಈಗ ಸುಮ್ನಿದೆ."

ಮಗಳು ಮಂಚದಿಂದ ಇಳಿದು ಬಂದು, ಅಮ್ಮನ ಕೈ ಇನ್ನೂ ತಂತಿಯ ಮೇಲಿರುವಾಗಲೇ, ಪಕ್ಕದಲ್ಲಿ ತನ್ನ ಬೆರಳಿಟ್ಟು ಮೀಟಿದಳು. ಮನೆ ತುಂಬ ಸದ್ದು. ಟೆಸ್ಟರನ ಕೈ ಮಾತ್ರ ಮೇನ್ ಸ್ವಿಚ್ಚು ಬಿಡಲಿಲ್ಲ.